ಹತ್ತೂವರೆಯ ಕಾಡು

2024ರ ಜೂನ್ 2, ಭಾನುವಾರ ಸಂಜೆ ನಮ್ಮ ಕ್ರಾಸಿನ ಮೂಲೆಯ ಮಳೆಮರ ಬಿತ್ತು. ಆ ದಿನ ಬೆಂಗಳೂರಿನಲ್ಲಿ ಸುರಿದದ್ದು 111.1 ಮಿಲಿಮೀಟರ್, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 133 ವರ್ಷಗಳ ದಾಖಲೆ. ಅದು ನಮಗೆ ತಿಳಿದದ್ದು ಮರುದಿನ, ಪೇಪರಿನಲ್ಲಿ. ಸರಿಯಾಗಿ ಐದು ವಾರದ ಹಿಂದೆ, ಏಪ್ರಿಲ್ 28ರಂದು, ಇದೇ ಊರು 38.5 ಡಿಗ್ರಿಯಲ್ಲಿ ಬೆಂದಿತ್ತು. ಮರ ಬೀಳುವಾಗ ದೊಡ್ಡ ಸದ್ದಾಗುತ್ತದೆ ಅಂದುಕೊಂಡಿದ್ದೆ. ಮಳೆಯ ಆರ್ಭಟದಲ್ಲಿ ಏನೂ ಗೊತ್ತಾಗಲಿಲ್ಲ. ಕರೆಂಟ್ ಹೋಯಿತು, ಅಷ್ಟೆ. ಟಾರ್ಚ್ ಹಿಡಿದು ಗೇಟಿನ ಹೊರಗೆ ಬಂದಾಗ ಬೀದಿಯಲ್ಲಿ ಆಕಾಶ ಜಾಸ್ತಿಯಾಗಿತ್ತು.

ಮಳೆಮರದ ಎಲೆ ಸಂಜೆಯಾದರೆ ಮಡಚಿಕೊಳ್ಳುತ್ತದೆ, ಮೋಡ ಕವಿದರೂ ಮಡಚಿಕೊಳ್ಳುತ್ತದೆ. ಬಿದ್ದ ಮರದ ಎಲೆಗಳೂ ಕೈಮುಗಿದ ಹಾಗೆ ಮಡಚಿಕೊಂಡೇ ಇದ್ದವು. ಮರುದಿನ ಬೆಳಿಗ್ಗೆ ನೋಡಿದರೆ, ಅಡ್ಡ ಮಲಗಿದ್ದ ಮರದ ತುದಿಕೊಂಬೆಗಳಲ್ಲಿ ಒಂದಿಷ್ಟು ಎಲೆ ಎಂದಿನಂತೆ ಬಿಚ್ಚಿಕೊಂಡಿದ್ದವು. ಬುಡ ಕಳಚಿದ ಸುದ್ದಿ ಅಲ್ಲಿಯವರೆಗೆ ಇನ್ನೂ ಮುಟ್ಟಿರಲಿಲ್ಲ. ಬೇರಿನ ಒಂದು ಮಗ್ಗುಲು ಎಂದೋ ಯಾವುದೋ ಅಗೆತದಲ್ಲಿ ನೀಟಾಗಿ ತುಂಡಾಗಿದ್ದದ್ದೂ ಆಗಲೇ ಕಂಡದ್ದು. ಮಧ್ಯಾಹ್ನದ ಹೊತ್ತಿಗೆ ಗರಗಸದವರು ಬಂದರು, ಸಂಜೆಗೆ ದಿಮ್ಮಿಗಳು ಲಾರಿ ಹತ್ತಿದವು.

ಆದರೆ ಮೊಬೈಲಿನ ಮ್ಯಾಪಿನಲ್ಲಿ ಮರ ಬಹಳ ತಿಂಗಳು ನಿಂತೇ ಇತ್ತು. ಉಪಗ್ರಹದ ಚಿತ್ರ ತೆರೆದು ನಮ್ಮ ಕ್ರಾಸಿಗೆ ಹೋದರೆ, ಮೂಲೆಯಲ್ಲಿ ಹೂಕೋಸಿನಂಥ ಕಡುಹಸಿರು ಉಂಡೆ. ಅದರ ನೆರಳು ಎದುರುಮನೆಯ ತಾರಸಿಯ ಮೇಲೆ ಹಾಗೇ ಚಾಚಿಕೊಂಡಿತ್ತು. ಕೆಳಗೆ ಬುಡದ ಗುಂಡಿಗೆ ಜಲ್ಲಿ ತುಂಬಿ, ಅದರ ಮೇಲೊಬ್ಬರು ಸ್ಕೂಟರ್ ನಿಲ್ಲಿಸಲು ಶುರುಮಾಡಿದ್ದರು.

ಇದನ್ನು ನಾನು ತೋರಿಸಿದ್ದು ನಮ್ಮ ಹಿಂದಿನ ಬೀದಿಯ ಹಿರಿಯರೊಬ್ಬರಿಗೆ. ಬನಶಂಕರಿ ಎರಡನೇ ಹಂತದಲ್ಲಿ, ಈಶ್ವರನಗರದ 40ನೇ ಮೇನಿನಲ್ಲಿ ಇಸ್ರೋದ ಪ್ರಾದೇಶಿಕ ದೂರಸಂವೇದಿ ಸೇವಾ ಕೇಂದ್ರವಿತ್ತು. ಎಂಬತ್ತರ ದಶಕದಲ್ಲಿ ದೇಶದಲ್ಲಿ ಅಂಥವು ಐದು ಶುರುವಾದವು: ಬೆಂಗಳೂರು, ನಾಗಪುರ, ಖರಗ್‌ಪುರ, ಜೋಧಪುರ, ಡೆಹ್ರಾಡೂನ್. ಬಸ್ಸಿನಲ್ಲಿ ಆ ದಾರಿಯಲ್ಲಿ ಸಾವಿರ ಸಲ ಓಡಾಡಿದವರಿಗೂ ಒಳಗೆ ಉಪಗ್ರಹ ಚಿತ್ರಗಳಲ್ಲಿ ಪಶ್ಚಿಮಘಟ್ಟದ ಕಾಡನ್ನು ಚೌಕ ಚೌಕವಾಗಿ ಎಣಿಸುತ್ತಿದ್ದಾರೆ ಎಂದು ಗೊತ್ತಿರಲಿಲ್ಲ. ನಮ್ಮ ಹಿರಿಯರು ವೃತ್ತಿಯೆಲ್ಲ ಅಂಥ ಚಿತ್ರಗಳನ್ನೇ ಓದಿದವರು. ಮೊಬೈಲು ನೋಡಿ ನಕ್ಕರು.

‘ಅದು ಹಳೇ ಚಿತ್ರ, ಇವ್ರೇ. ಉಪಗ್ರಹಕ್ಕೆ ಮರ ಅಂತ ಒಂದಿದೆ ಅನ್ನೋದೇ ಗೊತ್ತಿಲ್ಲ. ಎಷ್ಟು ಬೆಳಕು ವಾಪಸ್ ಬಂತು ಅನ್ನೋದು ಮಾತ್ರ ಗೊತ್ತು. ಬಂದ ಬೆಳಕನ್ನ ಮರ ಅನ್ನೋದು ನಾವು.’

ಆಮೇಲೆ ಕೇಳಿದರು: ‘ನಿಮ್ಮ ಮರ ಎಲೆ ಮಡಚಿಕೊಂಡಿರೋದನ್ನ ಉಪಗ್ರಹ ಯಾವತ್ತಾದ್ರೂ ನೋಡಿದ್ಯಾ?’

ನೋಡಿರಲು ಸಾಧ್ಯವೇ ಇಲ್ಲ. ಕಾಡು, ಬೆಳೆಗಳನ್ನು ಬೆಳಕಿನಲ್ಲಿ ನೋಡುವ ಹೆಚ್ಚಿನ ಉಪಗ್ರಹಗಳು ಸೂರ್ಯನ ಜೊತೆ ಹೆಜ್ಜೆ ಹೊಂದಿಸಿಕೊಂಡು ಸುತ್ತುತ್ತವೆ. ಯಾವ ಊರಿನ ಮೇಲೆ ಬಂದರೂ ಅಲ್ಲಿನ ಗಡಿಯಾರದಲ್ಲಿ ಹೆಚ್ಚುಕಮ್ಮಿ ಬೆಳಿಗ್ಗೆ ಹತ್ತೂವರೆ. ಪ್ರತಿ ಸಲ ನೆರಳು ಒಂದೇ ಥರ ಬೀಳಲಿ, ಇವತ್ತಿನ ಚಿತ್ರವನ್ನು ಹತ್ತು ವರ್ಷದ ಹಿಂದಿನದರ ಪಕ್ಕ ಇಟ್ಟು ನೋಡಲು ಬರಲಿ ಎಂದು ಈ ಏರ್ಪಾಟು. 1988ರ ಮಾರ್ಚ್ 17ರಂದು ಬೈಕನೂರಿನಿಂದ ಸೋವಿಯತ್ ರಾಕೆಟ್ಟಿನಲ್ಲಿ ಹೋದ ನಮ್ಮ ಐಆರ್‌ಎಸ್-1ಎಯಿಂದ ಹಿಡಿದು ರಿಸೋರ್ಸ್‌ಸ್ಯಾಟ್‌ವರೆಗೂ ಹೀಗೇ. ಯೋಚಿಸಿದರೆ ವಿಚಿತ್ರ. ಅರ್ಧ ಶತಮಾನದಿಂದ ಮನುಷ್ಯ ಬರೆದಿಟ್ಟ ಭೂಮಿಯ ಹಸಿರಿನ ದಿನಚರಿಯ ಬಹುಭಾಗ ಬೆಳಿಗ್ಗೆ ಹತ್ತೂವರೆಯದು. ಜಯನಗರದಲ್ಲಿ ಆಫೀಸಿನವರು ಹೋಗಿ, ಹೋಟೆಲಿನಲ್ಲಿ ಎರಡನೇ ಸುತ್ತಿನ ಕಾಫಿ ಶುರುವಾಗುವ ಹೊತ್ತು. ಆನೆ ನೀರಿಗಿಳಿಯುವ ಮುಸ್ಸಂಜೆ, ಜೀರುಂಡೆಯ ರಾತ್ರಿ, ಬೆಳಗಿನ ಜಾವದ ಮಂಜು ಆ ದಿನಚರಿಯಲ್ಲಿಲ್ಲ. ಕಾಡು ಹಗಲಿನ ಒಂದು ಗಳಿಗೆಯಲ್ಲಿ ಮಾತ್ರ ಇದ್ದಂತೆ ದಾಖಲಾಗಿದೆ.

ಅದೂ ಎಷ್ಟು ದಪ್ಪ ಬರಹದಲ್ಲಿ! 1972ರಲ್ಲಿ ಅಮೆರಿಕ ಹಾರಿಸಿದ ಮೊದಲ ಲ್ಯಾಂಡ್‌ಸ್ಯಾಟ್‌ಗೆ ಭೂಮಿ ಸುಮಾರು 80 ಮೀಟರ್ ಚೌಕಗಳಾಗಿ ಕಾಣುತ್ತಿತ್ತು. ನಮ್ಮ ಕಡೆಯ ಅಳತೆಯಲ್ಲಿ ಹೇಳುವುದಾದರೆ ಒಂದು ಚೌಕದೊಳಗೆ ಐವತ್ತೇಳು ಥರ್ಟಿ-ಫಾರ್ಟಿ ಸೈಟು, ರಸ್ತೆಗೆ ಜಾಗ ಬಿಡದಿದ್ದರೆ. ಐಆರ್‌ಎಸ್-1ಎಯ ಎರಡು ಬಗೆಯ ಕ್ಯಾಮೆರಾಗಳಲ್ಲಿ ಚುರುಕಾದದ್ದಕ್ಕೆ ಹನ್ನೆರಡು ಸೈಟು. ರಿಸೋರ್ಸ್‌ಸ್ಯಾಟಿನ ಲಿಸ್-3 ಕ್ಯಾಮೆರಾಕ್ಕೆ ಐದು. ಲಿಸ್-4 ಬಂದ ಮೇಲೆ ಒಂದು ಸೈಟನ್ನೇ ಮೂರು ಪಾಲು ಮಾಡಿ ನೋಡುವಷ್ಟಾಯಿತು. ನಮ್ಮ ಮಳೆಮರದ ಕೊಡೆ ಅದರಲ್ಲಿ ಒಂಬತ್ತು ಚೌಕ ತುಂಬಿರಬಹುದು. ಮೊದಲಿನ ಐವತ್ತೇಳು ಸೈಟಿನ ಚೌಕದಲ್ಲಿ ಮರ, ತಾರಸಿ, ಟಾರು, ಬಟ್ಟೆ ಒಣಹಾಕಿದ ಹಗ್ಗ ಎಲ್ಲ ಕಲಸಿಕೊಂಡು ಒಂದೇ ಬಣ್ಣ ಬರುತ್ತದೆ. ಆ ಬಣ್ಣದ ವಸ್ತು ಆ ಐವತ್ತೇಳು ಸೈಟಿನಲ್ಲಿ ಎಲ್ಲಿಯೂ ಇರುವುದಿಲ್ಲ. ಸರಾಸರಿಗೆ ವಿಳಾಸವಿಲ್ಲ.

ಲಿಸ್-4ರ ಚಿತ್ರವನ್ನೂ ಕಾರ್ಟೊಸ್ಯಾಟ್ ಉಪಗ್ರಹದ ಚಿತ್ರವನ್ನೂ ಬೆಸೆದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಬೆಂಗಳೂರಿನ ಮರಗಳನ್ನು ಲೆಕ್ಕ ಹಾಕಿತು, ಸುಮಾರು 14.78 ಲಕ್ಷ ಬಂತು. ಏಳು ಜನಕ್ಕೆ ಒಂದು ಮರ. ಪೇಪರುಗಳು ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿದವು. ನಮ್ಮ ಮನೆಯಲ್ಲಿ ಆಗ ಐದು ಜನ. ಪಕ್ಕದ ಮನೆಯಿಂದ ಇಬ್ಬರನ್ನು ಸಾಲ ತಂದರೆ ಆ ಮೂಲೆಯ ಮರ ನಮ್ಮದಾಗುತ್ತಿತ್ತು.

ಹಿರಿಯರ ಮನೆಯ ಗೋಡೆಯ ಮೇಲೆ ಒಂದು ಹಳೆಯ ಪ್ರಿಂಟು ತೂಗುತ್ತಿದೆ. ಮೊದಲ ಸಲ ನೋಡಿದಾಗ ಯಾರೋ ಕುಂಕುಮದ ಭರಣಿ ಚೆಲ್ಲಿದ್ದಾರೆ ಅನ್ನಿಸಿತ್ತು. ಅದು ಕೊಡಗು. ದೂರಸಂವೇದಿಯ ಚಿತ್ರದಲ್ಲಿ ಕಾಡು ಕೆಂಪು. ಎಲೆ ತನ್ನ ಅಡುಗೆಗೆ ಕೆಂಪು ಬೆಳಕನ್ನು ನುಂಗುತ್ತದೆ. ನಮ್ಮ ಕಣ್ಣಿಗೆ ಕಾಣದ, ಕೆಂಪಿನಾಚೆಯ ಅವಕೆಂಪನ್ನು ಬೇಡವೆಂದು ವಾಪಸ್ ಎಸೆಯುತ್ತದೆ. ಉಪಗ್ರಹ ಹಿಡಿಯುವುದು ಹಾಗೆ ಎಸೆದದ್ದನ್ನು. ಕಾಣದ್ದನ್ನು ತೋರಿಸಬೇಕಲ್ಲ, ಅದಕ್ಕೆ ಕೆಂಪು ಬಣ್ಣ ಹಚ್ಚುತ್ತಾರೆ. ಕಾಂಕ್ರೀಟು ಬೂದಿ-ನೀಲಿ, ಕೆರೆ ಕಪ್ಪು. ನುಂಗಿದ್ದಕ್ಕೂ ಎಸೆದದ್ದಕ್ಕೂ ಇರುವ ಅಂತರದಿಂದ ಎನ್‌ಡಿವಿಐ ಎಂಬ ಒಂದು ಅಂಕಿ ಹುಟ್ಟುತ್ತದೆ. ಒಂದರ ಹತ್ತಿರ ಹೋದಷ್ಟೂ ಎಲೆ ಸಮೃದ್ಧ, ಸೊನ್ನೆಯ ಹತ್ತಿರ ಬಂದರೆ ಬರಿನೆಲ. ಎಲೆ ಬಾಡಿ ಹಳದಿಯಾಗಿ ನಮ್ಮ ಕಣ್ಣಿಗೆ ಬೀಳುವ ಮುಂಚೆಯೇ ಎಷ್ಟೋ ಸಲ ಈ ಅಂಕಿ ಇಳಿಯತೊಡಗುತ್ತದೆ. ಸಾಯುವ ಸುದ್ದಿ ಕಾಣದ ಬೆಳಕಿನಲ್ಲಿ ಮೊದಲು ಬರುತ್ತದೆ.

ಆದರೆ ಇಳಿಯುವುದೆಲ್ಲ ಸಾವಲ್ಲ, ಈ ಕಸುಬಿನ ಕಷ್ಟ ಇರುವುದು ಅಲ್ಲಿ. ಜೆ.ಪಿ. ನಗರ ದಾಟಿ ಬನ್ನೇರುಘಟ್ಟ ರಸ್ತೆ ಹಿಡಿದರೆ ಸಿಗುವ ಕಾಡು ಎಲೆ ಉದುರಿಸುವ ಕಾಡು. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದದ್ದು, ಈಗ 260 ಚದರ ಕಿಲೋಮೀಟರಿನಷ್ಟು. ಫೆಬ್ರವರಿ-ಮಾರ್ಚಿನಲ್ಲಿ ಹೋದರೆ ಕಡ್ಡಿಕಡ್ಡಿ. ಮುಂಗಾರು ಬಿದ್ದು ತಿಂಗಳಾದ ಮೇಲೆ ಗುರುತೇ ಸಿಗುವುದಿಲ್ಲ. ನವೆಂಬರಿನ ಚಿತ್ರದ ಪಕ್ಕ ಮಾರ್ಚಿನ ಚಿತ್ರ ಇಟ್ಟ ಅವಿವೇಕಿಗೆ ಪ್ರತಿ ವರ್ಷ ಬನ್ನೇರುಘಟ್ಟ ನಾಶವಾಗುತ್ತದೆ, ಪ್ರತಿ ವರ್ಷ ಮರಳಿ ಹುಟ್ಟುತ್ತದೆ. ಅದಕ್ಕೇ ತಿಂಗಳಿಗೆ ಅದೇ ತಿಂಗಳು ಹೋಲಿಸಬೇಕು ಎನ್ನುವುದು ಮೊದಲ ಪಾಠ. ಬಿದಿರು ಹಲವು ದಶಕಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಅಕ್ಕಿ ಉದುರಿಸಿ, ಒಟ್ಟಿಗೆ ಸಾಯುತ್ತದೆ. ಮೇಲಿನಿಂದ ನೋಡಿದರೆ ಯಾರೋ ಬೆಟ್ಟವನ್ನೇ ಬೋಳಿಸಿದ ಹಾಗೆ. ಅದು ಆಯಸ್ಸು ಮುಗಿದದ್ದು. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡನ್ನು ಕಪ್ಪು ಮಾಡಿತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರದಿಂದಲೇ ಸುಟ್ಟ ನೆಲವನ್ನು ಅಳೆದದ್ದು. ಮಳೆ ಬಂದ ಮೇಲೆ ಅದೇ ಜಾಗ ಅಳತೆಯಲ್ಲಿ ಮತ್ತೆ ಹಸಿರು.

ಮರಳಿ ಬರುವ ಅಳಿವು, ಮರಳಿ ಬಾರದ ಅಳಿವು ಎರಡೂ ಮೊದಲ ದಿನ ಒಂದೇ ಥರ ಕಾಣುತ್ತವೆ. ಬೇರೆ ಮಾಡಿ ನೋಡಲು ಕಾಯಬೇಕು. ಈಗಿನ ತೊಂದರೆಯೆಂದರೆ ಕಾಯುವುದಕ್ಕೆ ಆಧಾರವಾಗಿದ್ದ ಋತುವೇ ಜಾಗ ಬಿಡುತ್ತಿದೆ. ಏಪ್ರಿಲಿನ ಮಳೆ ಏಪ್ರಿಲಿನಲ್ಲಿ ಬಾರದೆ ಜೂನಿನ ಮಳೆ ಒಂದೇ ಸಂಜೆ ಬಿದ್ದರೆ, ಯಾವ ತಿಂಗಳಿನ ಪಕ್ಕ ಯಾವ ತಿಂಗಳನ್ನು ಇಡುವುದು?

ಎರಡನೇ ಪಾಠ ನನಗೆ ಇನ್ನೂ ಹಿಡಿಸಿತು. ಎರಡು ಕಾಲದ ಎರಡು ಚಿತ್ರ ಹೋಲಿಸುವ ಮುಂಚೆ ಒಂದರ ಮೇಲೊಂದನ್ನು ಕರಾರುವಾಕ್ಕಾಗಿ ಕೂರಿಸಬೇಕು. ಒಂದು ಚೌಕ ಅತ್ತಿತ್ತ ಜರುಗಿದರೂ ಇಲ್ಲದ ಬದಲಾವಣೆ ಕಾಣುತ್ತದೆ. ಕೂರಿಸಲು ಎರಡರಲ್ಲೂ ಇರುವ, ಬದಲಾಗದ ಗುರುತುಗಳು ಬೇಕು. ಮಲೆನಾಡಿನಲ್ಲಾದರೆ ಸೇತುವೆ, ಅಣೆಕಟ್ಟಿನ ಮೂಲೆ. ದಕ್ಷಿಣ ಬೆಂಗಳೂರಿನಲ್ಲಿ ಏನು ಹುಡುಕುತ್ತೀರಿ? ಕೆರೆಯಂಗಳ ಬಡಾವಣೆಯಾಗಿದೆ, ಸೌತ್ ಎಂಡ್ ಕಡೆಯ ಸಾಲುಮರಗಳ ಜಾಗದಲ್ಲಿ ಮೆಟ್ರೋ ಕಂಬಗಳು ನಿಂತಿವೆ, ನಂದಾ ಟಾಕೀಸು ಈಗ ರಸ್ತೆಯ ಹೆಸರಷ್ಟೇ. ಬಿಟಿಎಂ ಎಂಬ ಮೂರಕ್ಷರದಲ್ಲಿ ಭೈರಸಂದ್ರ, ತಾವರೆಕೆರೆ, ಮಡಿವಾಳ ಮೂರು ಊರು ಅಡಗಿವೆ ಎಂದು ಅಲ್ಲಿ ಪಿಜಿಯಲ್ಲಿರುವ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

‘ನಾನಾದ್ರೆ ಲಾಲ್‌ಬಾಗ್ ಬಂಡೆ ಹಿಡ್ಕೋತಿದ್ದೆ’ ಎಂದರು ಹಿರಿಯರು. ‘ಅದು ಎಲ್ಲಿಗೂ ಹೋಗಲ್ಲ.’

ಮುನ್ನೂರು ಕೋಟಿ ವರ್ಷ ಹಳೆಯ ಬಂಡೆ, ಹೋಗದಿರಬಹುದು. ಅದರ ಮೇಲೆ ಕೆಂಪೇಗೌಡರ ಗೋಪುರ. ಊರು ಇಷ್ಟೇ ಬೆಳೆಯಲಿ ಎಂದು ಹಾಕಿದ ಗಡಿ ಅದು ಎನ್ನುತ್ತಾರೆ. ಊರು ಅದನ್ನು ದಾಟಿ ಇಪ್ಪತ್ತು ಕಿಲೋಮೀಟರ್ ಹೋಯಿತು. ಆದರೆ ಆ ಬಂಡೆಯನ್ನೇ ಹತ್ತಿರ ಹೋಗಿ ನೋಡಿ. ಮೈತುಂಬ ಬಿಳಿ-ಬೂದು ಪಟ್ಟಿಗಳು, ಹಿಟ್ಟು ನಾದುವಾಗ ಸುರುಳಿ ಎದ್ದ ಹಾಗೆ. ಒಂದಾನೊಂದು ಕಾಲದಲ್ಲಿ ಬೆಂದು, ಮೆತ್ತಗಾಗಿ, ಹಿಸುಕಿಸಿಕೊಂಡ ಗುರುತು. ನಮ್ಮ ಅಳತೆಗೆ ಸಾಕಾಗುವಷ್ಟು ಹೊತ್ತು ಅದು ಸುಮ್ಮನೆ ಕೂತಿದೆ. ಅಳಿಯುವುದನ್ನು ಅಳೆಯಲು ಅಳಿಯದ್ದೊಂದು ಬೇಕು, ಸಿಗದಿದ್ದರೆ ನಿಧಾನವಾಗಿ ಅಳಿಯುವುದನ್ನೇ ಅಳಿಯದ್ದು ಎಂದು ಒಪ್ಪಿಕೊಂಡು ಕೆಲಸ ಸಾಗಿಸಬೇಕು. ವೇದಾಂತಿಗಳು ಇದನ್ನು ಒಪ್ಪಲಿಕ್ಕಿಲ್ಲ. ನಕ್ಷೆ ಮಾಡುವವರಿಗೆ ಬೇರೆ ದಾರಿಯಿಲ್ಲ.

ಅನಿತ್ಯದ ಬಗ್ಗೆ ಕನ್ನಡದಲ್ಲಿ ಬರೆದವರು ಕಡಿಮೆಯೇನಿಲ್ಲ. ಜೈನರ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದೇ ಅನಿತ್ಯ; ಬಂಧುವರ್ಮ ಅವುಗಳ ಮೇಲೆಯೇ ‘ಜೀವಸಂಬೋಧನೆ’ ಎಂಬ ಗ್ರಂಥ ಬರೆದ. ಆದರೆ ನನಗೆ ಮರದ ಗುಂಡಿಯ ಮುಂದೆ ನಿಂತಾಗ ನೆನಪಾಗಿದ್ದು 941ರಲ್ಲಿ ಪಂಪ ಬರೆದ ಆದಿಪುರಾಣದ ನೀಲಾಂಜನೆ. ಕಾಲೇಜಿನಲ್ಲಿ ಓದಿದವರಿಗೆಲ್ಲ ಗೊತ್ತಿರುವ ಕಥೆ. ವೃಷಭನಾಥನ ಸಭೆಯಲ್ಲಿ ನೀಲಾಂಜನೆ ಕುಣಿಯುತ್ತಾಳೆ. ಕುಣಿಯುತ್ತಿರುವಾಗಲೇ ಅವಳ ಆಯಸ್ಸು ಮುಗಿದು ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ಕ್ಷಣಮಾತ್ರದಲ್ಲಿ ಅವಳಂಥದೇ ಇನ್ನೊಂದು ರೂಪವನ್ನು ಅದೇ ಜಾಗದಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪಲಿಲ್ಲ. ಸಭೆಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಒಬ್ಬನಿಗೆ.

ನೀಲಾಂಜನೆ ಸತ್ತದ್ದಕ್ಕಿಂತ ಕುಣಿತ ನಿಲ್ಲದೇ ಹೋದದ್ದು ನನ್ನನ್ನು ಕಾಡುತ್ತದೆ. ಅಳಿವು ಎಂದರೆ ನಾವು ಖಾಲಿ ಜಾಗವನ್ನು ಕಲ್ಪಿಸಿಕೊಳ್ಳುತ್ತೇವೆ. ಖಾಲಿ ಬಿದ್ದರೆ ನಾಲ್ಕು ಜನ ಕೇಳಿಯಾರು. ಲೋಕದಲ್ಲಿ ಜಾಗ ಖಾಲಿ ಬೀಳುವುದು ಅಪರೂಪ. ಹೋದದ್ದರ ಜಾಗದಲ್ಲಿ ಹೋಲುವಂಥದ್ದು ಬಂದು ನಿಂತಿರುತ್ತದೆ. ನಮ್ಮ ಮೂಲೆಯಲ್ಲೂ ಜಲ್ಲಿಯ ಪಕ್ಕ ಯಾರೋ ಒಂದು ಹೊಂಗೆ ಸಸಿ ನೆಟ್ಟರು. ಇನ್ನು ಹತ್ತು ವರ್ಷಕ್ಕೆ ಆ ಒಂಬತ್ತು ಚೌಕದಲ್ಲಿ ಒಂದೆರಡಾದರೂ ಹಸಿರಾದರೆ ಅಳತೆ ತೃಪ್ತಿಪಡುತ್ತದೆ.

ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಕಳೆ ಹಬ್ಬಿರುವುದು ಇದೇ ಬಗೆಯ ಬದಲಿ. ಮರದ ಕೊಡೆಯ ಕೆಳಗೆ ಹುಲ್ಲು, ಎಳೆಯ ಸಸಿಗಳು ಇರಬೇಕಾದಲ್ಲೆಲ್ಲ ಲಂಟಾನ. ಎಲೆ ಎಲೆಯೇ, ಅದೂ ಕೆಂಪನ್ನು ನುಂಗುತ್ತದೆ, ಅವಕೆಂಪನ್ನು ಎಸೆಯುತ್ತದೆ. ಮೇಲೆ ಮರ ಮುಚ್ಚಿಕೊಂಡಿದ್ದರಂತೂ ಲಂಟಾನ ಕಾಣುವುದೇ ಇಲ್ಲ. ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ ತರಗು ಬೆಂಕಿ ಹಾಕುತ್ತಿದ್ದರು. ತರಗೆಲೆಯಷ್ಟೇ ಸುಟ್ಟು ಆರುವ ಸಣ್ಣ ಬೆಂಕಿ. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಸೊಕ್ಕಿತು ಎನ್ನುವುದು ಅವರ ಮಾತು. ಉಪಗ್ರಹಕ್ಕೆ ಬೆಂಕಿ ಕಂಡರೆ ಎಚ್ಚರಿಕೆ ಹೋಗುತ್ತದೆ, ಬೀಟ್ ಗಾರ್ಡಿನ ಮೊಬೈಲಿಗೆ ಸಂದೇಶ ಬರುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಕಾಯುವ ಬೆಂಕಿಗೂ ಕೊಲ್ಲುವ ಬೆಂಕಿಗೂ ಆ ಸಂದೇಶದಲ್ಲಿ ವ್ಯತ್ಯಾಸವಿಲ್ಲ.

ಒಂದು ಭಾನುವಾರ ಹಿರಿಯರು ನನ್ನನ್ನು ತುರಹಳ್ಳಿಗೆ ಕರೆದುಕೊಂಡು ಹೋದರು. ಬನಶಂಕರಿ ಆರನೇ ಹಂತದ ಅಂಚಿಗೆ ಉಳಿದಿರುವ ಕಾಡು, 590 ಎಕರೆಯಷ್ಟು. 2021ರಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡುತ್ತಾರೆಂದು ಸುದ್ದಿಯಾದಾಗ ಸುತ್ತಲ ಜನ ಬೀದಿಗಿಳಿದಿದ್ದರು. ಕಾಡು ಕಾಡಾಗಿಯೇ ಇರಲಿ ಎಂದು. ಒಳಗೆ ಸ್ವಲ್ಪ ದೂರ ನಡೆದ ಮೇಲೆ ಅವರು ಒಂದು ಕಡೆ ನಿಲ್ಲಿಸಿ, ‘ಕಣ್ಣು ಮುಚ್ಚಿ, ಇವ್ರೇ’ ಎಂದರು. ಕಾಲಡಿ ಉದ್ದುದ್ದನೆಯ ಒಣ ಎಲೆ ಚರಚರ ಎಂದಿತು, ಮೂಗಿಗೆ ಶೀತಕ್ಕೆ ಹಚ್ಚುವ ಎಣ್ಣೆಯ ವಾಸನೆ, ಹಕ್ಕಿಯ ಸದ್ದಿಲ್ಲ. ನೀಲಗಿರಿ. ಇನ್ನೂರು ಹೆಜ್ಜೆ ಮುಂದೆ ಬಂಡೆಗಳ ನಡುವಿನ ಕುರುಚಲಿನಲ್ಲಿ ಮತ್ತೆ ಕಣ್ಣು ಮುಚ್ಚಿಸಿದರು. ಅಲ್ಲಿ ಪಿಕಳಾರಗಳ ಗಲಾಟೆ, ಮುಳ್ಳು ಪ್ಯಾಂಟು ಹಿಡಿದುಕೊಂಡಿತು, ಎಲ್ಲೋ ಕೊಳೆತ ಹಣ್ಣಿನ ಹುಳಿವಾಸನೆ. ‘ಮೇಲಿಂದ ನೋಡಿದ್ರೆ ಮೊದಲನೇದಕ್ಕೇ ಜಾಸ್ತಿ ಮಾರ್ಕ್ಸು’ ಎಂದರು. ಈ ಕಣ್ಣು ಮುಚ್ಚಿ ನೋಡುವ ಕೆಲಸಕ್ಕೆ ಅವರ ಆಫೀಸಿನಲ್ಲಿ ಗ್ರೌಂಡ್ ಟ್ರೂತ್ ಎಂದು ಹೆಸರು. ಚಿತ್ರದಲ್ಲಿ ಗುರುತು ಹಾಕಿಕೊಂಡ ಜಾಗಕ್ಕೆ ಜೀಪಿನಲ್ಲಿ ಹೋಗಿ, ಅಲ್ಲಿ ನಿಜಕ್ಕೂ ಏನಿದೆ ಎಂದು ಬರೆದುಕೊಂಡು ಬರುವುದು. ನೆಲದ ಸತ್ಯ. ಅದಿಲ್ಲದ ನಕ್ಷೆಗೆ ಸಹಿ ಹಾಕುತ್ತಿರಲಿಲ್ಲವಂತೆ.

ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ 1987ರಿಂದ ದೇಶದ ಕಾಡಿನ ವರದಿ ತರುತ್ತಿದೆ. ಒಂದು ಹೆಕ್ಟೇರಿಗಿಂತ ಹೆಚ್ಚಿನ ನೆಲ, ಶೇ. 10ಕ್ಕಿಂತ ಹೆಚ್ಚು ಮರದ ನೆರಳು ಇದ್ದರೆ ಅದರ ಲೆಕ್ಕದಲ್ಲಿ ಅರಣ್ಯ ಹೊದಿಕೆ. ಯಾರ ನೆಲ, ಯಾವ ಮರ ಎಂದು ಕೇಳುವುದಿಲ್ಲ. ನೀಲಗಿರಿ ತೋಪೂ ಹೌದು, ಕಾಫಿ ತೋಟವೂ ಹೌದು, ನಮ್ಮ ಲಾಲ್‌ಬಾಗೂ ಹೌದು. ಅಷ್ಟು ಧಾರಾಳದ ಲೆಕ್ಕದಲ್ಲೂ 2011ರಲ್ಲಿ 94 ಚದರ ಕಿಲೋಮೀಟರ್ ಇದ್ದ ಬೆಂಗಳೂರಿನ ಹೊದಿಕೆ 2021ಕ್ಕೆ 89.02ಕ್ಕೆ ಇಳಿಯಿತು. ಮಲೆನಾಡಿನವರು ಇದೇ ಧಾರಾಳಕ್ಕೆ ಹೆದರಿದರು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರದ ಆಧಾರದಲ್ಲಿ ಪಶ್ಚಿಮಘಟ್ಟದ ಸೂಕ್ಷ್ಮಪ್ರದೇಶ ಗುರುತಿಸಿದಾಗ, ನಮ್ಮ ಅಡಿಕೆ ತೋಟ ಕಾಫಿ ತೋಟವೆಲ್ಲ ಕಾಡಾಗಿ ಕಂಡಿದೆ, ಊರಿಗೆ ಬಂದು ನೋಡಿ ಎಂದು ಗ್ರಾಮಸಭೆಗಳಲ್ಲಿ ಕೂಗಿದರು. ಆ ಕೂಗಿನಲ್ಲಿ ರಾಜಕೀಯವೂ ಇತ್ತು, ಅನುಮಾನವಿಲ್ಲ. ಆದರೂ ನೆಲದ ಸತ್ಯ ಕೇಳುವ ಹಕ್ಕು ನಕ್ಷೆಯೊಳಗೆ ಸಿಕ್ಕವನಿಗೆ ಇದೆ ಎಂದೇ ನನಗನ್ನಿಸುತ್ತದೆ. 2019ರಲ್ಲಿ ಇನ್ನೊಂದು ಸುದ್ದಿ ಬಂತು: ನಾಸಾದ ಉಪಗ್ರಹಗಳ ಪ್ರಕಾರ ಭೂಮಿ ಹಸಿರಾಗುತ್ತಿದೆ, ಮುಂದಿರುವವರು ಚೀನಾ ಮತ್ತು ಭಾರತ. ವಾಟ್ಸಾಪಿನಲ್ಲಿ ಸಂಭ್ರಮವೋ ಸಂಭ್ರಮ. ಅದೇ ಅಧ್ಯಯನದಲ್ಲಿ ಭಾರತದ ಹೊಸ ಹಸಿರಿನಲ್ಲಿ ಶೇ. 82ರಷ್ಟು ಬೆಳೆಭೂಮಿಯದು, ಕಾಡಿನದು ಶೇ. 5ಕ್ಕೂ ಕಡಿಮೆ ಎಂದು ಬರೆದಿತ್ತು. ಸಭೆ ಕುಣಿತ ನೋಡುತ್ತಿತ್ತು.

ಹಾಗಾದರೆ ಮೇಲಿನ ಕಣ್ಣು ಸಭೆಯ ಪಾಲಿನದೋ, ಆ ಒಬ್ಬನ ಪಾಲಿನದೋ? ಒಂದು ಚಿತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಅದೇ ಹೊತ್ತಿಗೆ ಬಂದು ಅದೇ ನೆಲವನ್ನು ನೋಡಿದ ಮೇಲೆ ತಾಳದಲ್ಲಿನ ಕೂದಲೆಳೆಯ ವ್ಯತ್ಯಾಸ ಹಿಡಿಯುವ ಸಾಧ್ಯತೆ ಇದೆ. ನೀಲಗಿರಿ ವರ್ಷವಿಡೀ ಹಸಿರು. ಕುರುಚಲು ಬೇಸಿಗೆಯಲ್ಲಿ ಬಾಡಿ ಮಳೆಯಲ್ಲಿ ಚಿಗುರುತ್ತದೆ. ಹನ್ನೆರಡು ತಿಂಗಳ ಅಂಕಿಗಳನ್ನು ಸಾಲಾಗಿ ಇಟ್ಟರೆ ಎರಡೂ ಬೇರೆಬೇರೆ ಎಂದು ಗೊತ್ತಾಗಿಬಿಡುತ್ತದೆ. ಒಮ್ಮೆಯೂ ಬಾಡದ್ದನ್ನು ಕಂಡು ಅನುಮಾನಪಡು ಎನ್ನುತ್ತದೆ ಆ ಸಾಲು. ಇಷ್ಟು ನೋಡಿದ್ದರಿಂದ ವೈರಾಗ್ಯ ಬರಬೇಕೆಂದೇನಿಲ್ಲ. ವೃಷಭನಾಥ ಎದ್ದು ಕಾಡಿಗೆ ಹೋದ. ನಮಗೆ ಹೋಗಲು ಆ ಕಾಡಾದರೂ ಇರಬೇಕಲ್ಲ.

ನೋಡುವ ಕಣ್ಣುಗಳಿಗೂ ಆಯಸ್ಸಿದೆ. ಬೆಂಗಳೂರಿನಲ್ಲಿ ಕಟ್ಟಿ 2007ರ ಜನವರಿಯಲ್ಲಿ ಹಾರಿಸಿದ ಕಾರ್ಟೊಸ್ಯಾಟ್-2 ನೆಲದ ಮೇಲಿನ ಒಂದು ಮೀಟರನ್ನೂ ಬಿಡದೆ ನೋಡುತ್ತಿತ್ತು. 2024ರ ಫೆಬ್ರವರಿ 14ರಂದು ಅದನ್ನು ಇಳಿಸಿ ಹಿಂದೂ ಮಹಾಸಾಗರದ ಮೇಲೆ ಉರಿದುಹೋಗಲು ಬಿಟ್ಟರು. ಇನ್ನು ಮಳೆಗಾಲದ ಮಲೆನಾಡು ಈ ಕಣ್ಣುಗಳಿಗೆ ಸಿಗುವುದೇ ಇಲ್ಲ, ಬರೀ ಮೋಡ. ನಾವು ನೋಡುವ ನಿರ್ಮಲ ನಕ್ಷೆಯನ್ನು ಹಲವು ದಿನಗಳ ಚಿತ್ರಗಳಿಂದ ಮೋಡವಿಲ್ಲದ ಚೌಕಗಳನ್ನು ಹೆಕ್ಕಿ ಹೊಲಿದಿರುತ್ತಾರೆ, ಕೌದಿಯ ಹಾಗೆ. ಆಗುಂಬೆಯ ಒಂದು ಚೌಕ ಡಿಸೆಂಬರಿನದು, ಪಕ್ಕದ್ದು ಫೆಬ್ರವರಿಯದು. ಎಂದೂ ಇರದಿದ್ದ ಒಂದು ದಿನದ ಚಿತ್ರ. ನನ್ನ ಬಾಲ್ಯದ ಜಯನಗರವೂ ಇಂಥದೇ ಹೊಲಿಗೆ ಎಂದು ಈಚೆಗೆ ಅನುಮಾನ.

2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹೋದ ನಿಸಾರ್, ಇಸ್ರೋ-ನಾಸಾ ಜಂಟಿಯಾಗಿ ಮಾಡಿದ್ದು, ಮೋಡಕ್ಕೆ ಕಾಯುವುದಿಲ್ಲ. ಹನ್ನೆರಡು ಮೀಟರಿನ ಜಾಲರಿಯ ಕೊಡೆ ಬಿಚ್ಚಿಕೊಂಡು ತಾನೇ ರೇಡಿಯೋ ಅಲೆ ಕಳಿಸುತ್ತದೆ. ಒಂದು ಅಲೆ ನಾಲ್ಕು ಬೆರಳಗಲ, ಇನ್ನೊಂದು ಒಂದು ಗೇಣು. ಗೇಣುದ್ದದ ಅಲೆ ಎಲೆಗಳನ್ನು ಹಾದು ಕೊಂಬೆಗೆ, ಕಾಂಡಕ್ಕೆ ತಾಗಿ ಮರಳುತ್ತದೆ. ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗ. ಅದು ಬರುವ ಹೊತ್ತು ಹತ್ತೂವರೆಯಲ್ಲ. ಬೆಳಿಗ್ಗೆ ಆರು, ಸಂಜೆ ಆರು. ಮಳೆಮರ ಎಲೆ ಮಡಚುವ ಹೊತ್ತು. ನಮ್ಮದು ಒಂದು ವರ್ಷ ಮುಂಚೆ ಬಿತ್ತು.

ಮೊನ್ನೆ ಕಂಪ್ಯೂಟರಿನಲ್ಲಿ ಹಳೆಯ ಉಪಗ್ರಹ ಚಿತ್ರಗಳ ಪಟ್ಟಿಯನ್ನು ಹಿಂದಕ್ಕೆ ಎಳೆಯುತ್ತಾ ಹೋದೆ. ಮರ ಚಿಕ್ಕದಾಗುತ್ತಾ ಬಂತು, ಎದುರಿನ ಅಪಾರ್ಟ್‌ಮೆಂಟು ಹೋಗಿ ಹೆಂಚಿನ ಮನೆ ಬಂತು. ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಮಾರ್ಚಿಗೆ ಬಂದಾಗ ನಮ್ಮ ತಾರಸಿಯ ಮೇಲೆ ಬೆಳ್ಳಗೆ ಏನೋ ಕಂಡಿತು. ದೊಡ್ಡದು ಮಾಡಿದೆ. ಹತ್ತು-ಹನ್ನೆರಡು ಬಿಳಿ ಚೌಕ, ಉದ್ದಕ್ಕೆ; ಈ ಚಿತ್ರದ ಚೌಕ ಮೀಟರಿಗಿಂತ ಸಣ್ಣದು. ಅಮ್ಮ ಬೇಸಿಗೆಯಲ್ಲಿ ಅಪ್ಪನ ಹಳೇ ಪಂಚೆ ಹಾಸಿ ಅದರ ಮೇಲೆ ಸಂಡಿಗೆ ಇಡುತ್ತಿದ್ದಳು. ಬೆಳಗಿನ ಜಾವಕ್ಕೇ ಹಿಟ್ಟು ಕಾಸಿ, ಬಿಸಿಲೇರುವ ಮುಂಚೆ ಇಟ್ಟು ಮುಗಿಸಿ, ಹತ್ತೂವರೆಗೆ ಸೊಂಟ ಹಿಡಿದುಕೊಂಡು ನೆಟ್ಟಗಾಗುತ್ತಿದ್ದಳು.

ಹಿರಿಯರನ್ನು ಕರೆದು ತೋರಿಸಿದೆ. ಕನ್ನಡಕ ಮೇಲೆ ಸರಿಸಿ ಬಹಳ ಹೊತ್ತು ನೋಡಿದರು. ‘ಪಂಚೆ ಇರಬಹುದು. ಸುಣ್ಣ ಹೊಡೆದ ಕಟ್ಟೆ ಇರಬಹುದು. ಆ ದಿನ ನೀವು ಮನೇಲಿದ್ರಾ?’

‘ನೆನಪಿಲ್ಲ, ಸಾರ್.’

‘ಅಮ್ಮ?’

ಅವರಿಗೆ ಗೊತ್ತು ಅಮ್ಮ ಇಲ್ಲವೆಂದು, ಅಭ್ಯಾಸದಿಂದ ಕೇಳಿದ್ದು. ‘ಗೊತ್ತಾಗದೇ ಇದ್ದದ್ದಕ್ಕೆ ನಾವು ಅನ್‌ಕ್ಲಾಸಿಫೈಡ್ ಅಂತ ಹಾಕಿ ಮುಂದೆ ಹೋಗ್ತಿದ್ವಿ’ ಎಂದು ಮೌಸಿನಿಂದ ಕೈ ತೆಗೆದರು.

ಅವರು ಹೋದ ಮೇಲೆ ಇನ್ನೊಮ್ಮೆ ನೋಡಿದೆ. ಬಿಳಿ ಚೌಕಗಳ ಒಂದು ತುದಿಗೆ, ಪ್ಯಾರಪೆಟ್ಟಿನ ನೆರಳಿನಿಂದ ಬೇರೆಯಾಗಿ, ಎರಡು ಕಪ್ಪು ಚೌಕ. ಕಾಗೆ ಬಾರದಿರಲಿ ಎಂದು ಅಮ್ಮ ಸಂಡಿಗೆಯ ಪಕ್ಕ ಕಪ್ಪು ಕೊಡೆ ಬಿಚ್ಚಿಡುತ್ತಿದ್ದಳು. ಬಿಸಿಲು ಜೋರಾದರೆ ಅದರಡಿಗೇ ಸರಿದು ಕೂರುತ್ತಿದ್ದಳು. ಎದ್ದು ಅಟ್ಟದ ಮೇಲಿನಿಂದ ಕೊಡೆ ಇಳಿಸಿ, ಧೂಳು ಕೊಡವಿ, ಬಿಚ್ಚಿ ಟೇಪು ಹಿಡಿದೆ. ಒಂದು ಮೀಟರಿಗೆ ಎರಡು ಬೆರಳು ಕಮ್ಮಿ. ಎರಡು ಚೌಕಕ್ಕೆ ಸರಿಹೋಗುತ್ತದೆ. ಕೊಡೆಯ ಕೆಳಗೆ ಯಾರಾದರೂ ಕೂತಿದ್ದರೆ ಮೇಲಿನಿಂದ ಕಾಣುವುದಿಲ್ಲ.